ಎಂಟು ತೂತಿನ ಮೇಜು

ಆ ಶೆಡ್ಡಿನಲ್ಲಿ ಊಟಕ್ಕೆ ಮೇಜು ಇರಲಿಲ್ಲ. ಯಂತ್ರದ ಮುಚ್ಚಳ ಇತ್ತು. ಅದನ್ನೇ ಎರಡು ಪೀಪಾಯಿಗಳ ಮೇಲೆ ಹಾಕಿಕೊಂಡಿದ್ದರು. ದಪ್ಪ ತಗಡು, ಹಸಿರು ಬಣ್ಣ, ನಾಲ್ಕು ಮಂದಿ ಡಬ್ಬಿ ಬಿಚ್ಚಿ ಕೂತರೂ ಮೊಣಕೈಗೆ ಮೊಣಕೈ ತಾಗುತ್ತಿರಲಿಲ್ಲ. ಅಂಚಿನ ಸುತ್ತ ಎಂಟು ತೂತು. ಒಂದು ತೂತಿಗೆ ಯಾರೋ ಚಮಚ ಸಿಕ್ಕಿಸಿ ಇಡುತ್ತಿದ್ದರು. ಈ ತೂತುಗಳು ಯಾಕಿವೆ ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಹಳೆ ಬಟ್ಟೆಯನ್ನು ಹರಿದು ಹಾಸಿಗೆಗೆ ತುಂಬುವ ಅರಳೆ ಮಾಡುವ ಶೆಡ್ಡು ಅದು. ಚಿಂದಿಯನ್ನು ಓಡುವ ಪಟ್ಟಿಯ ಮೇಲೆ ಹರಡಿದರೆ ಎರಡು ಉರುಳೆಗಳು ಅದನ್ನು ಕಚ್ಚಿ ಒಳಗೆಳೆಯುತ್ತವೆ. ಅವುಗಳ ಹಿಂದೆ ಮೈತುಂಬ ಮೊಳೆಗಳಿರುವ ಡ್ರಮ್ಮು ಗಿರಗಿರನೆ ತಿರುಗುತ್ತ ಎಲ್ಲವನ್ನೂ ಹಿಂಜಿ ಹಾಕುತ್ತದೆ. ಆ ಯಂತ್ರಕ್ಕೆ ಅಲ್ಲಿನವರು ಇಟ್ಟ ಹೆಸರು ಅತ್ತೆ. ಎಷ್ಟು ಬಡಿಸಿದರೂ ಸಾಕು ಅನ್ನುವುದಿಲ್ಲ, ತಿನ್ನುವಾಗಲೂ ಗೊಣಗುವುದು ಬಿಡುವುದಿಲ್ಲ. ಮೂಟೆ ಹೊರುವ ಉದ್ದಣ್ಣ ದಿನಾ ಬೆಳಿಗ್ಗೆ ಮೊದಲ ಮೂಟೆ ಇಳಿಸಿ, ಅತ್ತೆಮ್ಮನಿಗೆ ತಿಂಡಿ ಬಂತು ಅನ್ನುತ್ತಿದ್ದ. ಅವನ ಮದುವೆಯೇ ಆಗಿರಲಿಲ್ಲ, ಅದಕ್ಕೇ ಅಷ್ಟು ಧೈರ್ಯ ಎಂದು ಉಳಿದವರು ಆಡಿಕೊಳ್ಳುತ್ತಿದ್ದರು.

ಅತ್ತೆಗೆ ಆಗದೇ ಇದ್ದದ್ದು ಒಂದೇ, ಲಾಡಿ. ಪೈಜಾಮದ ಲಾಡಿಯೋ, ಚೀಲದ ದಾರವೋ ಚಿಂದಿಯ ಜೊತೆ ಹೋದರೆ ಉರುಳೆಗೆ ಸುತ್ತಿಕೊಂಡು ಬಿಡುತ್ತಿತ್ತು. ಯಂತ್ರ ಉಸಿರು ಕಟ್ಟಿದವರ ಹಾಗೆ ಸದ್ದು ಮಾಡುತ್ತಿತ್ತು. ಆಗ ಯಂತ್ರ ನಿಲ್ಲಿಸದೆ, ಎರಡು ಬೆರಳಲ್ಲಿ ಎಳೆಯ ತುದಿ ಹಿಡಿದು, ಸರಕ್ಕನೆ ಕಿತ್ತು ಕೈ ಹಿಂದೆ ತರಬೇಕು. ಇದಕ್ಕೆ ಅವರು ‘ಚಿವುಟೋದು’ ಅನ್ನುತ್ತಿದ್ದರು. ಹೊಸಬರು ಬಂದರೆ ಮೊದಲು ಕೇಳುವ ಮಾತು, ಚಿವುಟೋಕೆ ಬರುತ್ತಾ?

ಚಿವುಟುವುದರಲ್ಲಿ ದೊಡ್ಡಕ್ಕನನ್ನು ಮೀರಿಸಿದವರಿಲ್ಲ. ಹದಿನಾಲ್ಕು ವರ್ಷದಿಂದ ಅದೇ ಯಂತ್ರದ ಮುಂದೆ ನಿಂತವಳು. ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಅಂತಲೇ ಕರೆಯುತ್ತಿದ್ದರು, ಯಜಮಾನರು ಕೂಡ. ಅವಳ ಬೆರಳಿಗೆ ಕಣ್ಣಿದೆ ಎಂದು ಮೇಸ್ತ್ರಿ ಹೊಗಳಿದ ದಿನ ಅವಳು ಮನೆಗೆ ಹೋಗಿ ತನ್ನ ಬೆರಳನ್ನು ತಾನೇ ನೋಡಿಕೊಂಡಿದ್ದಳು. ಜೀವನದಲ್ಲಿ ಅವಳಿಗೆ ಸಿಕ್ಕಿದ ಹೊಗಳಿಕೆ ಹೆಚ್ಚೇನಿರಲಿಲ್ಲ.

ಮುಚ್ಚಳ ಬಿಚ್ಚಿದ್ದೂ ಅವಳೇ. ಯಂತ್ರ ಹೊಸದಾಗಿ ಬಂದಾಗ ಉರುಳೆಯ ಮೇಲೆ ಆ ಮುಚ್ಚಳ ಎಂಟು ಬೋಲ್ಟ್ ಬಿಗಿಸಿಕೊಂಡು ಕೂತಿತ್ತು. ಬಿಚ್ಚಿ, ಲಾಡಿ ತೆಗೆದು, ಮತ್ತೆ ಬಿಗಿಯುವಷ್ಟರಲ್ಲಿ ಹತ್ತು ನಿಮಿಷ. ದಿನಕ್ಕೆ ಮೂವತ್ತು ಸಲ ಲಾಡಿ ಸುತ್ತಿಕೊಂಡರೆ ಕೆಲಸ ಮಾಡುವುದು ಯಾವಾಗ? ಮೊದಲು ಎರಡು ಬೋಲ್ಟ್ ಹಾಕುವುದು ಬಿಟ್ಟರು. ಆಮೇಲೆ ಆರು. ಒಂದು ದಿನ ದೊಡ್ಡಕ್ಕ ಮುಚ್ಚಳವನ್ನೇ ಎತ್ತಿ ಪಕ್ಕಕ್ಕಿಟ್ಟು, ಬೋಲ್ಟುಗಳನ್ನು ಒಂದು ಡಬ್ಬದಲ್ಲಿ ಹಾಕಿ ಕಿಟಕಿಯ ಮೇಲಿಟ್ಟಳು. ಯಜಮಾನರು ನೋಡಿದರು, ಏನೂ ಅನ್ನಲಿಲ್ಲ. ಮಾಲು ಜಾಸ್ತಿ ಬರುತ್ತಿತ್ತು.

ಎರಡು ವರ್ಷದ ಹಿಂದೆ ಅವಳ ಒಡಹುಟ್ಟಿದ ತಂಗಿಯೂ ಅದೇ ಶೆಡ್ಡಿಗೆ ಸೇರಿದಳು. ಚಿವುಟೋದು ಕಲಿಸಿದ್ದು ಅಕ್ಕನೇ. ಮಣಿಕಟ್ಟು ಸಡಿಲ ಬಿಡು, ಭಯಪಡಬೇಡ, ಭಯಪಟ್ಟರೆ ಕೈ ನಿಧಾನ ಆಗುತ್ತೆ ಎಂದು ಹೇಳಿಕೊಟ್ಟಿದ್ದಳು. ತಂಗಿ ಭಯಪಡಲಿಲ್ಲ. ನಾಲ್ಕು ತಿಂಗಳ ಹಿಂದೆ, ಊಟದ ಗಂಟೆಗೆ ಇನ್ನೇನು ಐದು ನಿಮಿಷ ಇರುವಾಗ, ಲಾಡಿ ಕೀಳಲು ಹೋದ ಅವಳ ಬಲಗೈಗೆ ಅದೇ ಲಾಡಿ ಸುತ್ತಿಕೊಂಡಿತು. ಮೂರು ಬೆರಳು ಹೋದವು, ಅಂಗೈಯ ಒಂದು ಅಂಚೂ ಹೋಯಿತು. ಹೆಬ್ಬೆರಳು ಮತ್ತು ತೋರುಬೆರಳು ಉಳಿದವು.

ಎಲ್ಲರೂ ಕೇಳಿದ ಪ್ರಶ್ನೆ ಒಂದೇ, ಅವಳ ಗಮನ ಎಲ್ಲಿತ್ತು? ಆಸ್ಪತ್ರೆಯಲ್ಲಿ ಕೇಳಿದರು, ಓಣಿಯಲ್ಲಿ ಕೇಳಿದರು, ಅವರ ತಾಯಿ ಕೇಳಿದರು. ಕೊನೆಗೆ ತಂಗಿಯೇ ಅದನ್ನು ಒಪ್ಪಿಕೊಂಡು, ನನ್ನ ಕೈ ಅಕ್ಕನ ಕೈಯಷ್ಟು ಚುರುಕಿಲ್ಲ, ನನ್ನದೇ ತಪ್ಪು ಅನ್ನತೊಡಗಿದಳು. ದೊಡ್ಡಕ್ಕ ಪಕ್ಕದಲ್ಲೇ ಕೂತಿದ್ದಳು. ಅಲ್ಲ ಅನ್ನಲಿಲ್ಲ.

ಈಗ ತಂಗಿ ಮುಂದಿನ ತಿಂಗಳು ಕೆಲಸಕ್ಕೆ ವಾಪಸು ಬರುವವಳಿದ್ದಳು. ಗುಂಡಿ, ಜಿಪ್ಪು ಬಿಡಿಸುವ ಕೆಲಸಕ್ಕೆ ಹತ್ತು ಬೆರಳು ಬೇಕು. ಚಿಂದಿ ಹರಡುವುದಕ್ಕೆ ಅಂಗೈ ಸಾಕು. ಹಾಗಾಗಿ ಅವಳು ನಿಲ್ಲಬೇಕಾಗಿದ್ದು ಮತ್ತೆ ಅತ್ತೆಯ ಮುಂದೆಯೇ. ಅವಳಿಗೆ ಉಳಿದಿದ್ದ ಒಂದು ಪೂರ್ತಿ ಕೈ ಎಡಗೈ. ದೊಡ್ಡಕ್ಕನಿಗೆ ಊಟ ಸೇರದಂತೆ ಮಾಡಿದ್ದು ಈ ಯೋಚನೆಯೇ.

ಅಪಘಾತದ ಮೇಲೆ ಯಜಮಾನರಿಗೂ ಹೆದರಿಕೆ ಹುಟ್ಟಿತ್ತು. ಯಂತ್ರಗಳಿಗೆ ಹೊದಿಕೆಯ ನಕ್ಷೆ ಬರೆದು ಕೊಡುವ ಒಬ್ಬರನ್ನು ಕರೆಸಿದರು. ಬಂದವಳು ಸಣ್ಣ ಆಳು, ಕನ್ನಡಕ, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ. ಉದ್ದಣ್ಣ ಅವಳಿಗೆ ನಕ್ಷೆ ಮೇಡಂ ಎಂದು ಹೆಸರಿಟ್ಟ. ಇವಳನ್ನು ಗಾಳಿಯೇ ಹೊತ್ತುಕೊಂಡು ಹೋಗುತ್ತೆ, ಇವಳು ಅತ್ತೆಯನ್ನು ಕಟ್ಟಿ ಹಾಕ್ತಾಳಂತೆ ಎಂದು ಮೂಗು ಮುರಿದ. ಅವಳು ಅರ್ಧ ದಿನ ಸುಮ್ಮನೆ ನಿಂತು ನೋಡಿದಳು. ಆಮೇಲೆ ಎಲ್ಲರನ್ನೂ ಸೇರಿಸಿ ಕೇಳಿದಳು.

“ಯಂತ್ರ ತಿರುಗುವಾಗ ಉರುಳೆಯ ಹತ್ತಿರ ಕೈ ಯಾವಾಗ ಹೋಗುತ್ತೆ?”

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಮೇಸ್ತ್ರಿ ನೆಲ ನೋಡಿದ. ಹೋಗೋದೇ ಇಲ್ಲ ಎಂದಳು ಒಬ್ಬಳು. ನಮಗೇನು ತಲೆ ಕೆಟ್ಟಿದೆಯಾ ಎಂದಳು ಇನ್ನೊಬ್ಬಳು. ನಕ್ಷೆ ಮೇಡಂ ದೊಡ್ಡಕ್ಕನ ಕಡೆ ನೋಡಿದಳು. ದೊಡ್ಡಕ್ಕ ಕೈ ಹಿಂದೆ ಕಟ್ಟಿಕೊಂಡು, ಇಲ್ಲ ಮೇಡಂ, ಕೈ ಹಾಕಲ್ಲ ಎಂದಳು. ಅಂದು ಬೆಳಿಗ್ಗೆಯಿಂದ ಅವಳು ಹನ್ನೊಂದು ಸಲ ಚಿವುಟಿದ್ದಳು, ನಕ್ಷೆ ಮೇಡಂ ಬೆನ್ನು ತಿರುಗಿಸಿದಾಗಲೆಲ್ಲ.

ಮೂರು ದಿನ ಬಿಟ್ಟು ಮೊದಲ ನಕ್ಷೆ ಬಂತು. ಚೆಂದದ ಪೆಟ್ಟಿಗೆ, ಮೂಲೆಗಳು ದುಂಡಗೆ, ಗಟ್ಟಿ ತಗಡು, ಹತ್ತು ಬೋಲ್ಟ್. ಎಲ್ಲರೂ ನೋಡಿ ತಲೆಯಾಡಿಸಿದರು. ಊಟದ ಹೊತ್ತಿಗೆ ಅದನ್ನು ಹಸಿರು ಮೇಜಿನ ಮೇಲೆ ಬಿಡಿಸಿಟ್ಟರು. ದೊಡ್ಡಕ್ಕನ ಬಾಯಿಂದ ಒಂದು ಮಾತು ಜಾರಿತು.

“ಒಳ್ಳೇದಾಯ್ತು ಬಿಡಿ. ಇಲ್ಲಿ ಕೂರೋಕೆ ಜಾಗ ಸಾಲ್ತಿರಲಿಲ್ಲ.”

ಎಲ್ಲರೂ ನಕ್ಕರು. ನಕ್ಷೆ ಮೇಡಂ ನಗಲಿಲ್ಲ. ಅವಳು ಮೇಜಿನ ಅಂಚಿನ ಮೇಲೆ ಬೆರಳಾಡಿಸಿದಳು. ಚಮಚ ತೆಗೆದಳು. ಒಂದೊಂದೇ ತೂತು ಮುಟ್ಟುತ್ತ ಎಂಟು ಎಣಿಸಿದಳು. ಎದ್ದು ಹೋಗಿ ಯಂತ್ರದ ಚೌಕಟ್ಟಿನ ಮೇಲೆ ಬೋಲ್ಟ್ ಕೂರುವ ಗುಳಿಗಳನ್ನೂ ಎಣಿಸಿಕೊಂಡು ಬಂದಳು. ಅವೂ ಎಂಟು.

“ನೀವು ಹೇಳಿದ್ದಕ್ಕೆ ನಾನು ಹೊದಿಕೆ ಬರೆದೆ,” ಎಂದಳು. “ನೀವು ಮಾಡೋದಕ್ಕೆ ಬರೆಯಲಿಲ್ಲ. ಇದನ್ನ ಮಾಡಿಸಿದರೆ ಇದೂ ಊಟದ ಮೇಜೇ ಆಗುತ್ತೆ.”

ಅವಳು ನಕ್ಷೆಯನ್ನು ಮಡಿಚಿಟ್ಟಳು. ಬೈಯಲಿಲ್ಲ. ಮುಚ್ಚಳ ತೆಗೆದವರ ಹೆಸರು ತನಗೆ ಬೇಡ, ಯಾಕೆ ತೆಗೆದರು ಅನ್ನೋದು ಮಾತ್ರ ಬೇಕು ಎಂದಳು. ಅದು ಗೊತ್ತಾಗದೆ ತಾನು ಗೆರೆ ಎಳೆಯುವುದು ಕಣ್ಣು ಕಟ್ಟಿಕೊಂಡು ಬಟ್ಟೆ ಹೊಲಿದ ಹಾಗೆ ಎಂದು ಹೇಳಿ, ನಾಳೆ ಬರುತ್ತೇನೆ ಎಂದು ಹೋದಳು. ದೊಡ್ಡಕ್ಕನ ತುತ್ತು ಡಬ್ಬಿಯಲ್ಲೇ ಉಳಿಯಿತು.

ಸಂಜೆ ಅವಳು ಮನೆಗೆ ಬಂದಾಗ ತಂಗಿ ಕಿಟಕಿಯ ಪಕ್ಕ ಕೂತಿದ್ದಳು. ಲಟ್ಟಣಿಗೆಗೆ ಒಂದು ಲಾಡಿ ಸುತ್ತಿದ್ದಳು. ಮೊಂಡಾದ ಬಲಗೈಯಲ್ಲಿ ಲಟ್ಟಣಿಗೆಯನ್ನು ತೊಡೆಯ ಮೇಲೆ ಉರುಳಿಸುತ್ತ, ಎಡಗೈಯ ಎರಡು ಬೆರಳಲ್ಲಿ ಲಾಡಿಯ ತುದಿಯನ್ನು ಸರಕ್ಕನೆ ಎಳೆಯುತ್ತಿದ್ದಳು. ಮತ್ತೆ ಸುತ್ತುವುದು, ಮತ್ತೆ ಎಳೆಯುವುದು. ಅಕ್ಕನನ್ನು ಕಂಡು ಮುಖ ಅರಳಿತು.

“ನೋಡಕ್ಕಾ, ಎಡಗೈಗೂ ಬಂತು. ಇನ್ನೊಂದು ವಾರ ಅಭ್ಯಾಸ ಮಾಡಿದರೆ ನಿನ್ನಷ್ಟೇ ಚೆನ್ನಾಗಿ ಚಿವುಟ್ತೀನಿ.”

ದೊಡ್ಡಕ್ಕ ತಂಗಿಯ ಮುಂದೆ ಕೂತು ಲಟ್ಟಣಿಗೆ ಕಿತ್ತುಕೊಂಡಳು. ತಂಗಿ, ಯಾಕೆ, ಮಣಿಕಟ್ಟು ಬಿಗಿ ಹಿಡಿದೆನಾ ಎಂದು ಕೇಳಿದಳು. ಅಷ್ಟು ಮುಗ್ಧವಾಗಿ ಕೇಳಿದಳು.

“ನಿನ್ನ ಕೈಯದು ತಪ್ಪಲ್ಲ,” ಎಂದಳು ದೊಡ್ಡಕ್ಕ. ನಾಲ್ಕು ತಿಂಗಳಿಂದ ಹೇಳದೆ ಇಟ್ಟುಕೊಂಡಿದ್ದ ಮಾತು, ಹೊರಗೆ ಬರುವಾಗ ಒರಟಾಗಿ ಬಂತು. “ಮುಚ್ಚಳ ಬಿಚ್ಚಿದ್ದು ನಾನು. ಭಯಪಡಬೇಡ ಅಂತ ಹೇಳಿಕೊಟ್ಟಿದ್ದು ನಾನು. ನನ್ನ ಕೈ ಉಳಿದಿರೋದು ಚುರುಕಿನಿಂದ ಅಲ್ಲ. ಇಷ್ಟು ದಿನ ಉಳೀತು, ಅಷ್ಟೇ.”

ಒಳಗೆ ತಾಯಿ ಪಾತ್ರೆ ತೊಳೆಯುವ ಸದ್ದು ನಿಂತಿತ್ತು, ಅವರಿಗೂ ಕೇಳಿಸಿತ್ತು. ಆಮೇಲೆ ತಂಗಿ, ಹಾಗಾದರೆ ನಾನು ದಿನಾ ರಾತ್ರಿ ಅದನ್ನೇ ನೆನೆಸಿಕೊಂಡು ನನ್ನನ್ನೇ ಬೈದುಕೊಂಡೆನಲ್ಲ, ಅದಕ್ಕೇನು ಹೇಳ್ತೀಯ ಎಂದು ಕೇಳಿದಳು. ದೊಡ್ಡಕ್ಕ ಲಟ್ಟಣಿಗೆಗೆ ಸುತ್ತಿದ್ದ ಲಾಡಿಯನ್ನು ಬಿಚ್ಚತೊಡಗಿದಳು. ಅಂದು ಅವರಿಬ್ಬರೂ ಒಟ್ಟಿಗೆ ಉಣ್ಣಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅಕ್ಕ ಹೊರಡುವಾಗ ತಂಗಿ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನಾನೂ ಬರ್ತೀನಿ. ನಕ್ಷೆ ಬರೆಯೋರಿಗೆ ನನ್ನ ಕೈ ತೋರಿಸಬೇಕು.”

ಶೆಡ್ಡಿನಲ್ಲಿ ದೊಡ್ಡಕ್ಕ ಎಲ್ಲರೆದುರು, ಯಜಮಾನರ ಎದುರಿಗೇ, ಮುಚ್ಚಳ ಬಿಚ್ಚಿದ್ದು ತಾನು ಎಂದಳು. ಯಜಮಾನರು ಕೆಮ್ಮಿದರು. ಬಿಚ್ಚಿದ್ದನ್ನು ತಾವು ನೋಡಿದ್ದೂ ನಿಜ ಎಂದು ಅವರೂ ಹೇಳಬೇಕಾಯಿತು. ಮೇಸ್ತ್ರಿ ದೊಡ್ಡ ಸ್ವಿಚ್ ಇಳಿಸಿ, ಅದಕ್ಕೆ ಬೀಗ ಜಡಿದು, ಕೀಲಿಯನ್ನು ದೊಡ್ಡಕ್ಕನ ಕೈಗೇ ಕೊಟ್ಟ. ಡ್ರಮ್ಮು ತಕ್ಷಣ ನಿಲ್ಲುವುದಿಲ್ಲ, ಕರೆಂಟು ಹೋದ ಮೇಲೂ ನಲವತ್ತು ಎಣಿಸುವಷ್ಟು ಹೊತ್ತು ತಿರುಗುತ್ತೆ ಎಂದು ದೊಡ್ಡಕ್ಕ ಹೇಳಿದಾಗ ನಕ್ಷೆ ಮೇಡಂ ತಟ್ಟನೆ ತಲೆಯೆತ್ತಿದಳು. ಇದನ್ನು ಯಾವ ಕಾಗದವೂ ನನಗೆ ಹೇಳಿರಲಿಲ್ಲ ಎನ್ನುತ್ತ ಬರೆದುಕೊಂಡಳು. ಎಲ್ಲರೂ ಸುಮ್ಮನೆ ನಿಂತು ಎಣಿಸಿದರು. ಯಂತ್ರ ಪೂರ್ತಿ ನಿಂತ ಮೇಲೆ ದೊಡ್ಡಕ್ಕ ಚಿವುಟುವುದು ಹೇಗೆ ಎಂದು ತೋರಿಸಿದಳು. ಕೈ ಹೊರಡುವುದು ಎಲ್ಲಿಂದ, ಬಗ್ಗುವುದು ಎಷ್ಟು, ಬೆರಳು ತಲುಪುವುದು ಎಲ್ಲಿಗೆ. ನಕ್ಷೆ ಮೇಡಂ ಆ ದಾರಿಯನ್ನು ದಾರ ಹಿಡಿದು ಅಳೆದಳು.

ಆಮೇಲೆ ಅವಳು ಒಂದು ಕೆಲಸ ಹಚ್ಚಿದಳು. ಹಳೆಯ ಮುಚ್ಚಳವನ್ನೇ ತಾತ್ಕಾಲಿಕವಾಗಿ ಯಂತ್ರದ ಮೇಲೆ ಹಾಕಿ ಬಿಗಿಸಿದರು. ಎರಡು ದಿನ, ಉರುಳೆಗೆ ಏನಾದರೂ ಸುತ್ತಿದಾಗಲೆಲ್ಲ ಯಂತ್ರ ನಿಲ್ಲಿಸಿ, ಬಿಚ್ಚಿ, ಸುತ್ತಿದ್ದು ಏನು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಮಾಲು ಅರ್ಧಕ್ಕಿಳಿಯಿತು, ಯಜಮಾನರು ಹಲ್ಲು ಕಚ್ಚಿಕೊಂಡರು. ಗೋಡೆಯ ಮೇಲೆ ಬಿದ್ದ ಗೆರೆಗಳಲ್ಲಿ ಹತ್ತಕ್ಕೆ ಎಂಟು ಲಾಡಿಯವೇ. ಹಾಗಾದರೆ ಮೊದಲ ಔಷಧಿ ಹೊದಿಕೆಯಲ್ಲ, ಕತ್ತರಿ. ಚಿಂದಿ ಪಟ್ಟಿಗೆ ಹೋಗುವ ಮೊದಲೇ ಲಾಡಿ ಕತ್ತರಿಸಿ ತೆಗೆದರೆ ಕೈ ಒಳಗೆ ಹೋಗುವ ಅಗತ್ಯವೇ ಕಡಿಮೆಯಾಗುತ್ತದೆ. ಇಷ್ಟು ಸರಳವಾದದ್ದು ಹದಿನಾಲ್ಕು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅವರೆಲ್ಲ ಚಿವುಟುವುದರಲ್ಲಿ ಅಷ್ಟು ಪಳಗಿದ್ದರು.

ಮುಂದಿನ ವಾರ ನಕ್ಷೆ ಮೇಡಂ ಕಾಗದ ತರಲಿಲ್ಲ, ರಟ್ಟು ತಂದಳು. ಹಳೆ ಪೆಟ್ಟಿಗೆಗಳ ರಟ್ಟನ್ನು ಕತ್ತರಿಸಿ, ಅಂಟಿಸಿ, ಬೀಗ ಹಾಕಿ ನಿಲ್ಲಿಸಿದ ಯಂತ್ರದ ಮೇಲೆ ಇಡೀ ಹೊದಿಕೆಯನ್ನು ಕಟ್ಟಿ ನಿಲ್ಲಿಸಿದಳು. ಉದ್ದಣ್ಣ, ಅತ್ತೆಗೆ ರಟ್ಟಿನ ಸೀರೆನಾ, ಇಷ್ಟು ಜಿಪುಣತನ ಯಾಕೆ ಎಂದ. ತಪ್ಪೆಲ್ಲ ರಟ್ಟಿನಲ್ಲೇ ಆಗಿಹೋಗಲಿ, ಕಬ್ಬಿಣದಲ್ಲಿ ಆಗೋದು ಬೇಡ ಎಂದಳು ಅವಳು.

ಹೊದಿಕೆಯ ಪಕ್ಕದಲ್ಲಿ ಚಿಕ್ಕ ಚಿಕ್ಕ ಸಂದಿಗಳಿದ್ದವು. ಒಳಗೆ ಏನಾಗುತ್ತಿದೆ ಎಂದು ಕಾಣದಿದ್ದರೆ ಜನ ಮುಚ್ಚಳ ತೆಗೆಯುತ್ತಾರೆ, ಹಾಗಾಗಿ ಕಾಣಬೇಕು. ಉದ್ದಕ್ಕೂ ಅಗಲಕ್ಕೂ ಮೂರು ಬೆರಳಿನಷ್ಟೇ ಇರುವ ಸಂದಿ. ಎಲ್ಲರೂ ಒಬ್ಬೊಬ್ಬರಾಗಿ ಕೈ ತೂರಿಸಿ ನೋಡಿದರು. ಮೇಸ್ತ್ರಿಯ ಕೈ ಬೆರಳ ಗೆಣ್ಣಿಗೇ ನಿಂತಿತು. ದೊಡ್ಡಕ್ಕನದೂ ನಿಂತಿತು. ಉದ್ದಣ್ಣನದಂತೂ ಎರಡು ಬೆರಳಿಗೇ ಸುಸ್ತು. ಉರುಳೆ ಅಲ್ಲಿಂದ ಇನ್ನೂ ಒಂದು ಗೇಣು ದೂರ. ಆಯಿತಲ್ಲ, ಮಾಡಿಸಿಬಿಡಿ ಎಂದರು ಯಜಮಾನರು.

ತಂಗಿ ಮುಂದೆ ಬಂದಳು. ಬಲಗೈ ಮೇಲಿನ ಬಟ್ಟೆ ಬಿಚ್ಚಿದಳು. ಉಳಿದ ಎರಡು ಬೆರಳನ್ನು ಜೋಡಿಸಿ ಸಂದಿಯೊಳಗೆ ತೂರಿಸಿದಳು. ಕೈ ಎಲ್ಲೂ ತಡೆಯಲಿಲ್ಲ. ಮಣಿಕಟ್ಟು ದಾಟಿತು, ಮೊಣಕೈಗೆ ಅರ್ಧ ದಾರಿಯವರೆಗೆ ಹೋಯಿತು. ಒಳಗೆ ಅವಳ ಉಗುರು ಉರುಳೆಯ ಕಬ್ಬಿಣಕ್ಕೆ ತಾಗಿದ ಸಣ್ಣ ಸದ್ದು ಎಲ್ಲರಿಗೂ ಕೇಳಿಸಿತು.

ಯಂತ್ರ ಅರ್ಧ ತಿಂದಿದ್ದ ಕೈ ಉಳಿದರ್ಧದೊಂದಿಗೆ ಮತ್ತೆ ಅದರ ಬಾಯಿಗೇ ತಲುಪಿತ್ತು.

ನಕ್ಷೆ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡಳು. ನಾನು ಇಡೀ ಕೈಗಳನ್ನು ಮಾತ್ರ ಲೆಕ್ಕಕ್ಕೆ ತಗೊಂಡಿದ್ದೆ ಎಂದು ಒಪ್ಪಿಕೊಂಡಳು. ಅಲ್ಲೇ ನೆಲದ ಮೇಲೆ ಕೂತು ಆ ರಟ್ಟನ್ನು ಹರಿದು ಹಾಕಿದಳು. ಸಂದಿಯ ಜಾಗಕ್ಕೆ ಕಿರುಬೆರಳ ತುದಿಯೂ ಹೋಗದ ಸಣ್ಣ ಜಾಲರಿ ಬಂತು. ಚಿಂದಿ ಒಳಗೆ ಹೋಗುವ ಬಾಯಿಯನ್ನು ಮುಚ್ಚುವ ಹಾಗಿಲ್ಲ, ಅದಕ್ಕೆ ಆ ಬಾಯಿಯನ್ನೇ ದೂರ ತಂದಳು. ಓಡುವ ಪಟ್ಟಿಯ ಮೇಲೆ ಉದ್ದದ ಸುರಂಗ. ಎಷ್ಟು ಉದ್ದ? ಉದ್ದಣ್ಣನನ್ನು ಬಗ್ಗಿಸಿ, ಹೆಗಲು ಸುರಂಗದ ಬಾಯಿಗೆ ಒತ್ತುವವರೆಗೆ ತೋಳು ಚಾಚಿಸಿ ಅಳೆದಳು. ಅದಕ್ಕಿಂತ ಒಂದು ಗೇಣು ಜಾಸ್ತಿ.

“ಉದ್ದಕ್ಕೆ ಇವರ ತೋಳು, ಸಂದಿಗೆ ನಿಮ್ಮ ಕೈ,” ಎಂದಳು ತಂಗಿಗೆ. “ಇವೆರಡೂ ತಲುಪದಿದ್ದರೆ ಯಾರದೂ ತಲುಪಲ್ಲ.”

ಇಷ್ಟು ಉದ್ದ ಇರೋದಕ್ಕೆ ಮೊದಲ ಸಲ ಯಾರೋ ಬೆಲೆ ಕೊಟ್ಟರು ಎಂದ ಉದ್ದಣ್ಣ. ಅವನ ದನಿಯಲ್ಲಿ ಎಂದಿನ ತಮಾಷೆ ಇರಲಿಲ್ಲ.

ರಟ್ಟನ್ನು ನಾಲ್ಕು ಸಲ ಕತ್ತರಿಸಿ ಅಂಟಿಸಿದ ಮೇಲೆ ಕಬ್ಬಿಣಕ್ಕೆ ಕೈ ಹಚ್ಚಿದರು. ಬೋಲ್ಟ್ ಬಿಚ್ಚುವ ಮುಚ್ಚಳ ಅಲ್ಲ, ಬಾಗಿಲಿನ ಹಾಗೆ ಕೀಲಿನ ಮೇಲೆ ತೆರೆಯುವ ಮುಚ್ಚಳ. ಅದರ ಚಿಲಕಕ್ಕೂ ಮೋಟಾರಿಗೂ ನಂಟು. ಗುಂಡಿ ಒತ್ತಿದರೆ ಮೋಟಾರು ನಿಲ್ಲುತ್ತದೆ, ಆದರೆ ಡ್ರಮ್ಮು ಪೂರ್ತಿ ನಿಲ್ಲುವವರೆಗೆ ಚಿಲಕ ಬಿಡುವುದಿಲ್ಲ. ದೊಡ್ಡಕ್ಕನ ನಲವತ್ತು ಎಣಿಕೆ ಈಗ ಚಿಲಕದೊಳಗೆ ಸೇರಿತ್ತು. ಮುಚ್ಚಳ ಸ್ವಲ್ಪ ತೆರೆದಿದ್ದರೂ ಯಂತ್ರ ಶುರುವಾಗುವುದಿಲ್ಲ. ಮತ್ತೆ ಹೊರಗಡೆ ಒಂದು ಕೈಚಕ್ರ. ಎಲ್ಲೋ ತಪ್ಪಿ ಉಳಿದ ಲಾಡಿ ಸುತ್ತಿಕೊಂಡರೆ ಯಂತ್ರ ನಿಲ್ಲಿಸಿ, ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಸಾಕು, ಉರುಳೆ ಚಿಂದಿಯನ್ನು ತಾನೇ ಉಗುಳುತ್ತದೆ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನ ಕೆಲಸ. ಮಾಲು ಕಡಿಮೆಯಾಗುತ್ತದೆಂದು ಮುಖ ಸಣ್ಣ ಮಾಡಿಕೊಂಡಿದ್ದ ಯಜಮಾನರು ತಿಂಗಳ ಕೊನೆಗೆ ಆ ಮಾತು ಎತ್ತುವುದನ್ನೇ ಬಿಟ್ಟರು.

ತಂಗಿ ಕೆಲಸಕ್ಕೆ ಬಂದ ಮೊದಲ ದಿನ. ತಾಯಿ ಬಾಗಿಲವರೆಗೂ ಬಂದು, ಹುಷಾರು ಅನ್ನಲು ಬಾಯಿ ತೆರೆದು, ಏನೋ ನೆನಪಾಗಿ ಸುಮ್ಮನಾಗಿ, ಅವಳ ತಲೆ ಸವರಿ ಕಳಿಸಿದ್ದರು. ಅಕ್ಕ ತಂಗಿ ಯಂತ್ರದ ಮುಂದೆ ಅಕ್ಕಪಕ್ಕ ನಿಂತರು. ಹನ್ನೊಂದು ಗಂಟೆಯ ಹೊತ್ತಿಗೆ ಕತ್ತರಿಯ ಕಣ್ಣು ತಪ್ಪಿಸಿದ ಒಂದು ಲಾಡಿ ಒಳಗೆ ಹೋಯಿತು. ಅತ್ತೆ ಉಸಿರು ಕಟ್ಟಿದ ಸದ್ದು ಮಾಡಿದಳು. ಯೋಚಿಸುವುದಕ್ಕೆ ಮೊದಲೇ ದೊಡ್ಡಕ್ಕನ ಕೈ ಹಾರಿತು. ಹದಿನಾಲ್ಕು ವರ್ಷದ ಅಭ್ಯಾಸ. ಬೆರಳ ಗೆಣ್ಣು ಹೊಸ ಜಾಲರಿಗೆ ಟಣ್ಣೆಂದು ಬಡಿಯಿತು.

ಅವಳು ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತಳು. ಜಾಲರಿಯ ಆಚೆ ಉರುಳೆಗಳು ತಿರುಗುತ್ತಲೇ ಇದ್ದವು. ತಂಗಿ ಗುಂಡಿ ಒತ್ತಿದಳು. ಚಿಲಕ ಬಿಡುವವರೆಗೆ ಇಬ್ಬರೂ ಬಾಯೊಳಗೇ ಎಣಿಸಿದರು. ಆಮೇಲೆ ತಂಗಿ ಎಡಗೈಯಲ್ಲಿ ಚಕ್ರ ಹಿಡಿದು, ಬಲಗೈಯ ಉಳಿದ ಎರಡು ಬೆರಳನ್ನು ಅದರ ಮೇಲಿಟ್ಟು, ಹಿಂದಕ್ಕೆ ತಿರುಗಿಸಿದಳು. ಲಾಡಿ ಸದ್ದಿಲ್ಲದೆ ಹೊರಗೆ ಬಂತು.

“ನೋವಾಯ್ತಾ ಅಕ್ಕಾ?” ಎಂದು ಕೇಳಿದಳು.

ಗೆಣ್ಣು ಸ್ವಲ್ಪ ತರಚಿತ್ತು. ಅಷ್ಟೇ ಆಗಿತ್ತು. ದೊಡ್ಡಕ್ಕ ತನ್ನ ಐದು ಬೆರಳನ್ನೂ ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಂಡಳು, ಆಮೇಲೆ ತಂಗಿಯ ಕೈ ಹಿಡಿದುಕೊಂಡಳು. ಅಂದು ಮಧ್ಯಾಹ್ನ ಹಸಿರು ಮೇಜಿನ ಮೇಲೆ ಒಂದೇ ಡಬ್ಬಿಯಿಂದ ಉಂಡರು. ಹಳೆಯ ಮುಚ್ಚಳ ಈಗಲೂ ಅಲ್ಲಿ ಮೇಜಾಗಿಯೇ ಇದೆ. ಹೊಸಬರು ಬಂದರೆ ಚಿವುಟೋಕೆ ಬರುತ್ತಾ ಎಂದು ಯಾರೂ ಕೇಳುವುದಿಲ್ಲ. ದೊಡ್ಡಕ್ಕ ಅವರನ್ನು ಮೇಜಿನ ಹತ್ತಿರ ಕರೆದು, ತೂತು ಎಣಿಸು ಅನ್ನುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಕೆಲಸದ ಜಾಗದಲ್ಲೂ ಇಂಥ ಒಂದು ಮೇಜು ಇರಬಹುದು. ಇಲ್ಲವೇ ಗೋಡೆಗೆ ಒರಗಿಸಿಟ್ಟ ಒಂದು ಜಾಲರಿ, ಕಿಟಕಿಯ ಮೇಲೆ ಬೋಲ್ಟು ತುಂಬಿದ ಒಂದು ಡಬ್ಬ. ನಾಳೆ ಹೋದಾಗ ಹುಡುಕಿ ನೋಡಿ. ತಿರುಗುವ ಯಂತ್ರಕ್ಕೆ ಕೈ ಕೊಡಬೇಡಿ. ನಿಲ್ಲಿಸಿ, ಪೂರ್ತಿ ನಿಲ್ಲುವವರೆಗೆ ಕಾಯಿರಿ, ಬೀಗ ಹಾಕಿ ಕೀಲಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹೊದಿಕೆಯ ನಕ್ಷೆ ಬರೆಯುವವರು ಬಂದು ಕೇಳಿದರೆ, ಕೈ ಹಾಕಲ್ಲ ಎಂದು ಹೇಳಿ ಕಳಿಸಬೇಡಿ. ಕೈ ಎಲ್ಲಿಗೆ ಹೋಗುತ್ತೆ, ದಿನಕ್ಕೆ ಎಷ್ಟು ಸಲ, ಯಾಕೆ, ಎಲ್ಲ ಹೇಳಿ. ಅವರು ಕೇಳದಿದ್ದರೆ ನೀವೇ ಕರೆದು ಹೇಳಿ. ನೀವು ಯಜಮಾನರಾಗಿದ್ದರೆ, ಮುಚ್ಚಳ ತೆಗೆದವರನ್ನು ಬೈಯುವ ಮೊದಲು ಯಾಕೆ ತೆಗೆದಿರಿ ಎಂದು ಒಂದು ಮಾತು ಕೇಳಿ. ಕಬ್ಬಿಣ ಕತ್ತರಿಸುವ ಮೊದಲು ರಟ್ಟಿನಲ್ಲಿ ಕಟ್ಟಿಸಿ, ನಿಮ್ಮಲ್ಲಿ ಎಲ್ಲರಿಗಿಂತ ಉದ್ದದ ತೋಳನ್ನೂ ಎಲ್ಲರಿಗಿಂತ ಸಣ್ಣ ಕೈಯನ್ನೂ ಕರೆದು, ತಲುಪುತ್ತದೆಯೇ ಎಂದು ಅಳೆದು ನೋಡಿ.

ಮತ್ತೆ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಯಂತ್ರಕ್ಕೆ ಕೈ ಕೊಟ್ಟು ಬಂದವರು ಯಾರಾದರೂ ಇದ್ದರೆ, ನಿನ್ನ ಗಮನ ಎಲ್ಲಿತ್ತು ಎಂದು ಮಾತ್ರ ಕೇಳಬೇಡಿ. ಮುಚ್ಚಳ ಎಲ್ಲಿತ್ತು ಎಂದು ಕೇಳಿ.